ರಾಜಕೀಯ ಬೇರೆಯಾದವರು ಎದುರುಬದುರು ಕೂರಲು ಏರ್ಪಾಡು ಬೇಕು

ಸಂಪಾದಕರಿಗೆ,

ಮಾನ್ಯರೇ,

ರಾಜಕೀಯದ ಕಾರಣಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಕಚೇರಿಯಲ್ಲಿ ಅಕ್ಕಪಕ್ಕ ಕೂರುವವರು ಮುಖ ಕೊಟ್ಟು ಮಾತಾಡುತ್ತಿಲ್ಲ, ನೆರೆಹೊರೆಯ ಸಭೆಗೆ ಅರ್ಧ ಜನ ಬರುವುದನ್ನೇ ನಿಲ್ಲಿಸಿದ್ದಾರೆ ಎಂಬ ಬೇಸರ ಓದುಗರ ಪತ್ರಗಳಲ್ಲಿ ಆಗಾಗ ಕಾಣುತ್ತದೆ. ಕೊನೆಗೆ ಬರುವ ಸಲಹೆ ಹೆಚ್ಚುಕಡಿಮೆ ಒಂದೇ: ಎಲ್ಲರೂ ಸಹನೆಯಿಂದ ಇರಬೇಕು. ಸಹನೆ ಬೇಕು, ನಿಜ. ಆದರೆ ಸಹನೆ ಇರುವ ಹತ್ತು ಜನರನ್ನೇ ಯಾವ ಸಿದ್ಧತೆಯೂ ಇಲ್ಲದೆ ಒಂದು ಕೋಣೆಯಲ್ಲಿ ಕೂರಿಸಿ ‘ರಾಜಕೀಯ ಮಾತಾಡಿ’ ಎಂದರೂ ಸ್ವಲ್ಪ ಹೊತ್ತಿಗೆ ದನಿ ಏರುತ್ತದೆ. ಎಷ್ಟು ಜನ, ಯಾರು ಕರೆದರು, ಮೊದಲ ಪ್ರಶ್ನೆ ಯಾವುದು, ಯಾರಿಗೆ ಎಷ್ಟು ಹೊತ್ತು ಸಿಕ್ಕಿತು ಎಂಬುದರ ಮೇಲೆ ಗೌರವದ ಮಾತು ನಿಲ್ಲುತ್ತದೆ ಅಥವಾ ಮುರಿಯುತ್ತದೆ. ಇಂಥ ಸಂವಾದಗಳನ್ನು ನಡೆಸುವ ಕೆಲಸದಲ್ಲಿರುವ ನಾವು ಆ ಏರ್ಪಾಡನ್ನು ವಿವರವಾಗಿ ಬರೆಯುತ್ತಿದ್ದೇವೆ. ಓದಿದವರು ತಾವೇ ಒಂದು ಸಭೆ ನಡೆಸುವಂತಾಗಲಿ ಎಂಬುದು ನಮ್ಮ ಆಸೆ.

ಮೊದಲು ಗುರಿಯ ಮಾತು. ಎದುರಿನವರನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ ಎಂದು ಬಂದವರಿಂದಲೇ ಸಂವಾದ ಹೆಚ್ಚಾಗಿ ಕೆಡುತ್ತದೆ. ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ 1994ರ ಡಿಸೆಂಬರ್ 30ರಂದು ಒಬ್ಬಾತ ಗರ್ಭಪಾತ ಸೇವೆ ಕೊಡುವ ಎರಡು ಕ್ಲಿನಿಕ್‌ಗಳಿಗೆ ನುಗ್ಗಿ ಗುಂಡು ಹಾರಿಸಿ ಇಬ್ಬರು ಮಹಿಳೆಯರನ್ನು ಕೊಂದ. ಆ ಬಳಿಕ ಗರ್ಭಪಾತದ ಹಕ್ಕಿನ ಪರ ಮೂವರು, ವಿರುದ್ಧ ಮೂವರು, ಹೀಗೆ ಆರು ಮಹಿಳಾ ಮುಖಂಡರು ಗುಟ್ಟಾಗಿ ಸೇರಿ ಮಾತಾಡತೊಡಗಿದರು. ಲಾರಾ ಚೇಸಿನ್ 1989ರಲ್ಲಿ ಆರಂಭಿಸಿದ್ದ ಪಬ್ಲಿಕ್ ಕಾನ್ವರ್ಸೇಷನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಅದನ್ನು ನಡೆಸಿಕೊಟ್ಟಿತು. ಹೊಟ್ಟೆಯಲ್ಲಿರುವುದನ್ನು ಏನೆಂದು ಕರೆಯಬೇಕು ಎಂಬುದೇ ಅವರಿಗೆ ದೊಡ್ಡ ತೊಡಕಾಯಿತು. ‘ಹುಟ್ಟದ ಮಗು’ ಒಂದು ಕಡೆಗೆ ಬೇಡ, ಬರೀ ‘ಭ್ರೂಣ’ ಇನ್ನೊಂದು ಕಡೆಗೆ ಬೇಡ. ಕೊನೆಗೆ ಮಾತು ಮುಂದೆ ಸಾಗಲಿ ಎಂದು ‘ಮಾನವ ಭ್ರೂಣ’ ಎನ್ನುವುದಕ್ಕೆ ಎಲ್ಲರೂ ಅರೆಮನಸ್ಸಿನಿಂದಲೇ ಒಪ್ಪಿದರು. ಐದು ವರ್ಷಕ್ಕೂ ಹೆಚ್ಚು ಕಾಲ ಮಾತಾಡಿ, 2001ರಲ್ಲಿ ಆರೂ ಮಂದಿ ಒಟ್ಟಿಗೆ ಬಾಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಹೆಸರು ಹಾಕಿ ಬರೆದಾಗ ಯಾರ ನಿಲುವೂ ಬದಲಾಗಿರಲಿಲ್ಲ. ತಮ್ಮ ತಮ್ಮ ನಂಬಿಕೆಯಲ್ಲಿ ಇನ್ನಷ್ಟು ಗಟ್ಟಿಯಾಗಿದ್ದೇವೆ ಎಂದೇ ಬರೆದರು. ಆದರೂ ಒಬ್ಬರ ಮೇಲೊಬ್ಬರಿಗೆ ಗೌರವ, ಅಕ್ಕರೆ ಬೆಳೆದಿತ್ತು. ವೇದಿಕೆಯ ಮೇಲೆ ಎದುರಾಳಿಗಳ ಬಗ್ಗೆ ಆಡುವ ಮಾತು ತಣ್ಣಗಾಗಿತ್ತು. ಸಂವಾದದಿಂದ ಇಷ್ಟನ್ನು ನಿರೀಕ್ಷಿಸಬಹುದು, ಇದು ಸಣ್ಣದೇನೂ ಅಲ್ಲ.

ಈಗ ಸಂಖ್ಯೆ. ಮೊದಲ ಸಭೆಗೆ ಎಂಟು ಜನ ಸಾಕು, ಒಂದೊಂದು ಕಡೆಯಿಂದ ನಾಲ್ವರಂತೆ. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟರೆ ಒಂದು ಸುತ್ತಿಗೆ 16 ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ಜನ ಮನಸ್ಸಿಟ್ಟು ಕೇಳುತ್ತಾರೆ. 16 ಜನ ಇದ್ದರೆ ಸುತ್ತು ಅರ್ಧ ಗಂಟೆ ದಾಟುತ್ತದೆ. ಕೊನೆಯವರ ಸರದಿ ಬರುವ ಹೊತ್ತಿಗೆ ಮೊದಲಿನವರು ಹೇಳಿದ್ದು ಮರೆತಿರುತ್ತದೆ. ಎರಡೂ ಕಡೆ ಸಮ ಇರುವುದು ಸಂಖ್ಯೆಗಿಂತ ಮುಖ್ಯ. ಆರು ಜನರ ಎದುರು ಇಬ್ಬರು ಕೂತರೆ ಆ ಇಬ್ಬರು ಕಟಕಟೆಯಲ್ಲಿ ನಿಂತಂತೆ ಆಗುತ್ತಾರೆ, ತಮ್ಮ ಕಡೆಯ ಎಲ್ಲ ತಪ್ಪಿಗೂ ಉತ್ತರ ಕೊಡಬೇಕಾಗುತ್ತದೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕೊನೆ ಗಳಿಗೆಯಲ್ಲಿ ಒಬ್ಬರಿಬ್ಬರು ತಪ್ಪಿಸಿಕೊಳ್ಳುವುದು ಮಾಮೂಲು. ಹಾಗಾಗಿ ಪ್ರತಿ ಕಡೆಯಿಂದ ಒಬ್ಬರನ್ನು ಹೆಚ್ಚಾಗಿ ಕರೆದಿರಬೇಕು. ಎಲ್ಲರೂ ಬಂದರೆ ಅವರು ಆ ದಿನ ಕೇಳುಗರಾಗಿ ಕೂರುತ್ತಾರೆ ಎಂದು ಮೊದಲೇ ತಿಳಿಸಿರಬೇಕು.

ಕರೆಯುವ ಕೆಲಸದಲ್ಲೇ ಅರ್ಧ ಯಶಸ್ಸು ಇದೆ. ಪೋಸ್ಟರ್ ಅಂಟಿಸಿ ‘ಎಲ್ಲರಿಗೂ ಸ್ವಾಗತ’ ಎಂದರೆ ಕರೆದವರ ಕಡೆಯವರೇ ಬರುತ್ತಾರೆ, ಆಮೇಲೆ ‘ಅವರಿಗೆ ಮಾತುಕತೆಯೇ ಬೇಡ’ ಎಂಬ ದೂರು ಹುಟ್ಟುತ್ತದೆ. ಎರಡೂ ಕಡೆಯಲ್ಲಿ ತಮ್ಮವರ ನಂಬಿಕೆ ಇರುವ ಒಬ್ಬೊಬ್ಬರು ಮೊದಲು ಜೊತೆಯಾಗಬೇಕು, ಅವರವರು ಅವರವರ ಜನರಿಗೆ ಖುದ್ದಾಗಿ ಫೋನ್ ಮಾಡಬೇಕು. ಫೋನಿನಲ್ಲಿ ವಿಷಯ ಯಾವುದು, ಎದುರು ಯಾರು ಇರುತ್ತಾರೆ, ಎಷ್ಟು ಹೊತ್ತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಯಾರೂ ನಿಮ್ಮ ಮನಸ್ಸು ಬದಲಿಸಲು ಬರುವುದಿಲ್ಲ, ನೀವೂ ಆ ಪ್ರಯತ್ನ ಮಾಡುವಂತಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಕೇಳಬೇಕು. ಪಕ್ಷದ ವಕ್ತಾರರನ್ನೂ ಪದಾಧಿಕಾರಿಗಳನ್ನೂ ಮೊದಲ ಸಭೆಗೆ ಕರೆಯದಿರುವುದು ಒಳ್ಳೆಯದು. ಅವರು ಕೆಟ್ಟವರೆಂದಲ್ಲ, ತಮ್ಮ ಪಕ್ಷದ ಬಗ್ಗೆ ಒಂದು ಅನುಮಾನವನ್ನೂ ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಅವರಿಗೆ ಇರುವುದಿಲ್ಲ. ಆ ಸ್ವಾತಂತ್ರ್ಯ ಇಲ್ಲದಿದ್ದರೆ ಮುಂದೆ ನಾವು ಹೇಳುವ ಎರಡನೆಯ ಸುತ್ತು ನಡೆಯುವುದೇ ಇಲ್ಲ.

ಕೋಣೆಯ ವಿಚಾರ ಬೇಗ ಮುಗಿಯುತ್ತದೆ. ಮೇಜು ಬೇಡ, ಒಂದೇ ಎತ್ತರದ ಕುರ್ಚಿಗಳು ವೃತ್ತಾಕಾರದಲ್ಲಿ ಇರಲಿ, ಒಂದು ಕಡೆಯವರ ಪಕ್ಕ ಇನ್ನೊಂದು ಕಡೆಯವರು ಕೂರಲಿ. ವೇದಿಕೆ, ಮೈಕು, ಮುಖ್ಯ ಅತಿಥಿ ಯಾವುದೂ ಬೇಡ. ಗಡಿಯಾರ ಎಲ್ಲರಿಗೂ ಕಾಣುವಂತಿರಬೇಕು. ಫೋನ್ ಬಂದ್, ರೆಕಾರ್ಡಿಂಗ್ ಇಲ್ಲ. ಕೇಳಿದ ಸಂಗತಿಯನ್ನು ಹೊರಗೆ ಹೇಳಬಹುದು, ಹೇಳಿದವರ ಹೆಸರನ್ನು ಹೇಳುವಂತಿಲ್ಲ. ನಡುವೆ ಬಾಯಿ ಹಾಕುವಂತಿಲ್ಲ. ಇಷ್ಟವಿಲ್ಲದ ಪ್ರಶ್ನೆಗೆ ‘ಈ ಸಲ ಬಿಡುತ್ತೇನೆ’ ಎಂದರೆ ಕಾರಣ ಕೇಳುವಂತಿಲ್ಲ. ಒಂದು ಕಡೆಯವರನ್ನು ಅವರೇ ಒಪ್ಪುವ ಹೆಸರಿನಿಂದ ಕರೆಯಬೇಕು. ಈ ನಿಯಮಗಳನ್ನು ಗೋಡೆಗೆ ಅಂಟಿಸಿದರೆ ಸಾಲದು, ಒಂದೊಂದನ್ನೂ ಓದಿ ಪ್ರತಿಯೊಬ್ಬರ ಬಾಯಿಂದ ‘ಒಪ್ಪಿಗೆ’ ಪಡೆಯಬೇಕು. ಬಾಯಿಬಿಟ್ಟು ಒಪ್ಪಿದ್ದನ್ನು ಮುರಿದಾಗ ನೆನಪಿಸುವುದು ಸುಲಭ, ಅವಮಾನವೂ ಆಗುವುದಿಲ್ಲ.

ಒಟ್ಟು ಎರಡೂಕಾಲು ಗಂಟೆ ಇಟ್ಟುಕೊಳ್ಳಿ. ಪರಿಚಯ, ನಿಯಮಕ್ಕೆ 10 ನಿಮಿಷ; ಮೊದಲ ಸುತ್ತಿಗೆ 20; ಮುಂದೆ ವಿವರಿಸುವ ಒಳವೃತ್ತದ ಸುತ್ತಿಗೆ 40; ಬಿಡುವು 10; ಪ್ರಶ್ನೆಗಳಿಗೆ 40; ಮುಕ್ತಾಯಕ್ಕೆ 15. ಬಿಡುವನ್ನು ಉಳಿಸಿ ಮಾತಿಗೆ ಕೊಡೋಣ ಎಂಬ ಆಸೆ ಬರುತ್ತದೆ, ಬೇಡ. ಸುತ್ತಿನಲ್ಲಿ ಕೇಳಿದ ಮಾತಿನ ಬಗ್ಗೆ ಇಬ್ಬರು ಕಿಟಕಿಯ ಬಳಿ ನಿಂತು ಮೆಲ್ಲಗೆ ಮಾತಾಡಿಕೊಳ್ಳುವುದು ಆ ಹತ್ತು ನಿಮಿಷದಲ್ಲೇ.

ಮೊದಲ ಸುತ್ತಿನ ಪ್ರಶ್ನೆ ನಿಲುವಿನ ಮೇಲೆ ಇರಬಾರದು, ಬದುಕಿನ ಮೇಲೆ ಇರಬೇಕು. ವಿಷಯ ಸರ್ಕಾರದ ಉಚಿತ ಸವಲತ್ತುಗಳು ಎಂದುಕೊಳ್ಳಿ. ‘ಇದಕ್ಕೆ ನೀವು ಪರವೋ ವಿರೋಧವೋ’ ಎಂದು ಶುರುಮಾಡಿದರೆ ಎಂಟು ಜನರೂ ತಮ್ಮ ತಮ್ಮ ಕೋಟೆಯ ಬಾಗಿಲು ಹಾಕಿಕೊಳ್ಳುತ್ತಾರೆ. ‘ಈ ವಿಷಯ ನಿಮ್ಮ ಮನಸ್ಸಿಗೆ ತಟ್ಟುವಂತೆ ಮಾಡಿದ, ನೀವೇ ಕಂಡ ಒಂದು ಸಂಗತಿ ಯಾವುದು?’ ಎಂದರೆ ಮನೆಯ ಮಾತು ಬರುತ್ತದೆ, ದುಡಿಮೆಯ ಮಾತು ಬರುತ್ತದೆ. ಇದಕ್ಕೆ ಆಧಾರವೂ ಇದೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ರಾಜ್ಯಶಾಸ್ತ್ರಜ್ಞರು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಕ್ಷೇತ್ರಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮನೆ ಬಾಗಿಲಲ್ಲಿ ನಿಂತು ಸುಮಾರು ಹತ್ತು ನಿಮಿಷ ನಡೆಸಿದ ಮಾತುಕತೆ ಲಿಂಗಪರಿವರ್ತಿತರ ಬಗ್ಗೆ ಮತದಾರರಿಗಿದ್ದ ಪೂರ್ವಗ್ರಹವನ್ನು ತಗ್ಗಿಸಿತ್ತು, ಅದರ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. 2020ರಲ್ಲಿ ಅವರೇ ಮಾಡಿದ ಮುಂದಿನ ಪ್ರಯೋಗಗಳಲ್ಲಿ ಇನ್ನೂ ಒಂದು ಅಂಶ ಸ್ಪಷ್ಟವಾಯಿತು: ಬರೀ ವಾದ ಹೂಡಿದಾಗ ಪರಿಣಾಮ ಕಾಣಲಿಲ್ಲ, ತೀರ್ಪು ಕೊಡದೆ ಅನುಭವಗಳನ್ನು ಕೊಟ್ಟು ಪಡೆದುಕೊಂಡಾಗ ಕಂಡಿತು. ಆ ಪ್ರಯೋಗಗಳ ಉದ್ದೇಶ ಮನವೊಲಿಕೆ, ನಮ್ಮದು ಅಲ್ಲ. ಆದರೂ ಕಿವಿ ತೆರೆಯುವುದು ಯಾವುದರಿಂದ ಎಂಬ ಪಾಠ ಇಬ್ಬರಿಗೂ ಒಂದೇ.

ಎರಡನೆಯದು ಒಳವೃತ್ತದ ಸುತ್ತು. ಅಮೆರಿಕದಲ್ಲಿ 2016ರ ಅಧ್ಯಕ್ಷೀಯ ಚುನಾವಣೆ ಮುಗಿದ ಮರುತಿಂಗಳು ಒಹಾಯೊ ರಾಜ್ಯದ ಸೌತ್ ಲೆಬನಾನ್‌ನಲ್ಲಿ ಟ್ರಂಪ್‌ಗೆ ಮತ ಹಾಕಿದ 10 ಮತ್ತು ಕ್ಲಿಂಟನ್‌ಗೆ ಮತ ಹಾಕಿದ 11 ಜನರನ್ನು ಕೂರಿಸಿ ಸಂವಾದ ನಡೆಯಿತು. ಅದರಿಂದಲೇ ಈಗ ಬ್ರೇವರ್ ಏಂಜಲ್ಸ್ ಎಂಬ ಹೆಸರಿನಲ್ಲಿರುವ ಸಂಸ್ಥೆ ಬೆಳೆಯಿತು. ಅದರ ಕಾರ್ಯಾಗಾರವನ್ನು ರೂಪಿಸಿದ ಬಿಲ್ ಡೊಹರ್ಟಿ ಕುಟುಂಬ ಚಿಕಿತ್ಸಕರು. ಒಡೆದ ಮನೆಯ ಗಂಡಹೆಂಡಿರನ್ನು ಮಾತಿಗೆ ಕೂರಿಸುವ ಅನುಭವ ಅಲ್ಲಿ ಕೆಲಸಕ್ಕೆ ಬಂತು. ಅವರ ಕ್ರಮ ಹೀಗಿದೆ: ಒಂದು ಕಡೆಯವರು ಒಳಗೆ ವೃತ್ತವಾಗಿ ಕೂರುತ್ತಾರೆ, ಇನ್ನೊಂದು ಕಡೆಯವರು ಹೊರಗೆ ಸುತ್ತ ಕೂತು ಸುಮ್ಮನೆ ಕೇಳುತ್ತಾರೆ. ಒಳಗಿನವರು ಉತ್ತರಿಸಬೇಕಾದ ಪ್ರಶ್ನೆ ಎರಡೇ. ನಮ್ಮ ಕಡೆಯ ವಿಚಾರ ದೇಶಕ್ಕೆ ಯಾಕೆ ಒಳ್ಳೆಯದು? ನಮ್ಮ ಕಡೆಯ ಬಗ್ಗೆ ನಮಗೇ ಇರುವ ಅಳುಕು ಏನು? ಆಮೇಲೆ ಜಾಗ ಅದಲುಬದಲು. ನಮ್ಮ ಲೆಕ್ಕದಲ್ಲಿ ತಲಾ 15 ನಿಮಿಷ, ಬಳಿಕ ಹೊರಗಿದ್ದವರು ಕಲಿತದ್ದನ್ನು ಹೇಳಲು ಐದೈದು ನಿಮಿಷ.

ಈ ಎರಡನೆಯ ಪ್ರಶ್ನೆ ಇಡೀ ಸಭೆಯ ಗುಂಡಿಗೆ. ಎದುರಾಳಿ ತನ್ನ ಪಕ್ಷದ ಕುಂದನ್ನು ತಾನೇ ಹೇಳುವುದನ್ನು ಕೇಳಿದಾಗ, ಅದನ್ನು ಎತ್ತಿ ಆಡಬೇಕೆಂಬ ಹುರುಪು ಇವರಲ್ಲಿ ಇಳಿಯುತ್ತದೆ. ಇಲ್ಲಿ ಆಗುವ ತಪ್ಪು ಒಂದೇ: ಹೊರಗೆ ಕೂತವರು ‘ನೋಡಿ, ಅವರೇ ಒಪ್ಪಿಕೊಂಡರು’ ಎನ್ನುವುದು. ಹಾಗೆಂದ ಕೂಡಲೇ ಮುಂದಿನ ಗುಂಪು ತನ್ನ ಅಳುಕನ್ನು ನುಂಗಿಕೊಳ್ಳುತ್ತದೆ. ಒಬ್ಬರ ಅಳುಕನ್ನು ಇನ್ನೊಬ್ಬರು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ಸುತ್ತಿಗೆ ಮೊದಲೇ ಹೇಳಿಬಿಡಬೇಕು.

ಬಿಡುವಿನ ನಂತರ ಪ್ರಶ್ನೆಗಳ ಹೊತ್ತು. ಇದನ್ನು ನೇರವಾಗಿ ಶುರುಮಾಡಬಾರದು. ಹತ್ತು ನಿಮಿಷ ಎರಡೂ ಕಡೆಯವರು ಬೇರೆ ಬೇರೆ ಕೂತು, ತಲಾ ಮೂರು ಪ್ರಶ್ನೆ ಬರೆಯಬೇಕು. ಬರೆದದ್ದನ್ನು ತಾವೇ ತೂಗಿ ನೋಡಬೇಕು: ಇದರೊಳಗೆ ಉತ್ತರ ಆಗಲೇ ಅಡಗಿದೆಯೇ? ‘ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡುತ್ತಿರುವುದು ನಿಮಗೆ ಕಾಣುವುದಿಲ್ಲವೇ?’ ಎಂಬುದು ಪ್ರಶ್ನೆಯ ವೇಷದ ಆರೋಪ. ಅದನ್ನು ‘ಸವಲತ್ತು ಯಾರಿಗೆ ಕೊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ?’ ಎಂದು ತಿದ್ದಬಹುದು. ಇನ್ನೊಂದು ಕಡೆಯಿಂದ ‘ಹಸಿದವರ ಕಷ್ಟ ನಿಮಗೇನು ಗೊತ್ತು?’ ಎಂಬುದು ಬರುತ್ತದೆ. ಅದು ‘ಯಾರ ಸಹಾಯವೂ ಇಲ್ಲದೆ ಮೇಲೇಳಲಾಗದ ಕುಟುಂಬಕ್ಕೆ ನಿಮ್ಮ ದಾರಿಯಲ್ಲಿ ಏನು ಸಿಗುತ್ತದೆ?’ ಎಂದಾಗಲಿ. ಯೋಜನೆ ಹೇಗೆ ನಡೆಯುತ್ತದೆ ಎಂಬುದನ್ನು ಹಂತ ಹಂತವಾಗಿ ವಿವರಿಸಲು ಕೇಳುವುದೂ ಒಳ್ಳೆಯ ಪ್ರಶ್ನೆ. ಮನಶ್ಶಾಸ್ತ್ರಜ್ಞ ಫಿಲಿಪ್ ಫರ್ನ್‌ಬ್ಯಾಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನೀತಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೇಳಿದಾಗ ಜನರ ಪಟ್ಟು ಸಡಿಲಾಯಿತು. ಅದನ್ನು ಯಾಕೆ ಬೆಂಬಲಿಸುತ್ತೀರಿ ಎಂದು ಕಾರಣ ಕೇಳಿದಾಗ ಹಾಗಾಗಲಿಲ್ಲ. ಆದರೆ ಈ ಪ್ರಶ್ನೆಯನ್ನು ಎರಡೂ ಕಡೆಗೆ ಸಮನಾಗಿ ಕೇಳಬೇಕು, ಒಬ್ಬರಿಗೇ ಕೇಳಿದರೆ ಅದು ಪರೀಕ್ಷೆಯಾಗುತ್ತದೆ.

ಉತ್ತರ ಬಂದ ಮೇಲೆ, ಪ್ರಶ್ನೆ ಕೇಳಿದವರು ತಮ್ಮ ಮಾತು ಶುರುಮಾಡುವ ಮೊದಲು, ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲೇ ಮುಂದಿಟ್ಟ ನಿಯಮ ಇದು: ಹಿಂದೆ ಮಾತಾಡಿದವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ಸಮಾಧಾನವಾಗುವಂತೆ ಹೇಳಿದ ನಂತರವೇ ನಿಮ್ಮ ಮಾತು. ಹೇಳುವುದಕ್ಕೆ ಸುಲಭ, ಮಾಡುವುದು ಕಷ್ಟ. ಒಬ್ಬರು ಹೀಗೆನ್ನುತ್ತಾರೆ ಎಂದುಕೊಳ್ಳಿ: ‘ನಮ್ಮ ತಾಯಿ ಹಗಲೂ ರಾತ್ರಿ ದುಡಿದು ಸಾಲ ತೀರಿಸಿದರು, ಯಾರ ಮುಂದೆಯೂ ಕೈಚಾಚಲಿಲ್ಲ. ಈಗ ಎಲ್ಲರಿಗೂ ಎಲ್ಲವನ್ನೂ ಸುಮ್ಮನೆ ಕೊಡುವುದನ್ನು ನೋಡಿದರೆ ಅವರ ದುಡಿಮೆಗೆ ಬೆಲೆಯೇ ಇಲ್ಲವೇನೋ ಅನ್ನಿಸುತ್ತದೆ.’ ಎದುರಿನವರು ‘ಅಂದರೆ ಬಡವರಿಗೆ ಏನೂ ಕೊಡಬಾರದು ಅಂತೀರಿ’ ಎಂದರೆ ಮಾತು ಅಲ್ಲಿಗೇ ಕೆಟ್ಟಿತು. ‘ಕಷ್ಟಪಟ್ಟು ಸ್ವಂತ ಕಾಲಮೇಲೆ ನಿಂತವರ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬ ನೋವು ನಿಮಗಿದೆ. ಸರಿಯಾಗಿ ಕೇಳಿಸಿಕೊಂಡೆನೇ?’ ಎಂದರೆ, ‘ನೋವು ಅನ್ನುವುದಕ್ಕಿಂತ ಸಿಟ್ಟು ಅನ್ನಿ’ ಎಂಬ ತಿದ್ದುಪಡಿ ಬರಬಹುದು. ಬಂದರೆ ಸಂತೋಷ ಪಡಿ. ತನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ ಇರುವವರು ಮಾತ್ರ ಹೀಗೆ ತಿದ್ದುತ್ತಾರೆ. ತಿರುಗಿ ಹೇಳುವುದಕ್ಕೆ ಎರಡು ವಾಕ್ಯ ಸಾಕು. ಉದ್ದವಾದರೆ ಅದರೊಳಗೆ ನಮ್ಮ ಟೀಕೆ ನುಸುಳುತ್ತದೆ.

ಅಂಕಿಅಂಶದ ಜಗಳ ಬಂದೇ ಬರುತ್ತದೆ. ‘ಇಷ್ಟು ಕೋಟಿ’ ಎಂದು ಒಬ್ಬರು, ‘ಅದು ಸುಳ್ಳು’ ಎಂದು ಇನ್ನೊಬ್ಬರು. ಅಷ್ಟರಲ್ಲಿ ನಿಯಮ ಮರೆತು ನಾಲ್ಕು ಜನ ಫೋನ್ ತೆಗೆದು ತಮಗೆ ಬೇಕಾದ ಅಂಕಿ ಹುಡುಕತೊಡಗುತ್ತಾರೆ. ಇದಕ್ಕೆ ಒಂದು ದೊಡ್ಡ ಹಾಳೆ ಗೋಡೆಯ ಮೇಲಿರಲಿ. ತಕರಾರು ಎದ್ದ ಅಂಕಿಯನ್ನು, ಯಾರು ಹೇಳಿದರು ಎಂಬುದನ್ನು ಬಿಟ್ಟು, ಅದರ ಮೇಲೆ ಬರೆದು ಮುಂದೆ ಹೋಗಿ. ಸಭೆಯ ಕೊನೆಗೆ ಎರಡೂ ಕಡೆಯಿಂದ ಒಬ್ಬೊಬ್ಬರು ಆ ಹಾಳೆಯನ್ನು ಒಟ್ಟಿಗೆ ಹೊತ್ತುಕೊಳ್ಳಬೇಕು. ಯಾವ ದಾಖಲೆಯನ್ನು ಇಬ್ಬರೂ ಒಪ್ಪುತ್ತಾರೆ ಎಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಅಂಕಿ ನೋಡಬೇಕು. ಈ ಕ್ರಮ ತಿರುವುಮುರುವಾದರೆ, ಅಂಕಿ ನೋಡಿದ ಮೇಲೆ ದಾಖಲೆಯನ್ನೇ ಅನುಮಾನಿಸುವುದು ಶುರುವಾಗುತ್ತದೆ.

ನಡೆಸಿಕೊಡುವವರು ಇಬ್ಬರಿರಲಿ, ಕಡೆಗೊಬ್ಬರು. ಅವರು ಆ ದಿನ ತಮ್ಮ ಅಭಿಪ್ರಾಯ ಹೇಳುವಂತಿಲ್ಲ, ತಲೆದೂಗುವಂತೆಯೂ ಇಲ್ಲ. ತಲೆದೂಗುವುದು ಎಷ್ಟು ಬೇಗ ಗಮನಕ್ಕೆ ಬರುತ್ತದೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಒಬ್ಬರು ಮಾತು ನಡೆಸಿದರೆ ಇನ್ನೊಬ್ಬರು ಸಮಯ ನೋಡಿ, ಯಾರು ಎಷ್ಟು ಮಾತಾಡಿದರು ಎಂದು ಹಾಳೆಯಲ್ಲಿ ಗೀಟು ಹಾಕಬೇಕು. ಯಾರಾದರೂ ನಡುವೆ ಬಾಯಿ ಹಾಕಿದರೆ ಮೊದಲ ಸಲವೇ, ಮೆತ್ತಗೆ, ‘ನಾವು ಒಪ್ಪಿದ ನಿಯಮ ನೆನಪಿಸುತ್ತಿದ್ದೇನೆ’ ಎನ್ನಬೇಕು. ಮೂರನೇ ಸಲದವರೆಗೆ ಕಾದು ಆಮೇಲೆ ತಡೆದರೆ ಅವರಿಗೆ ‘ನನ್ನನ್ನೇ ಹಿಡಿದರು’ ಎನ್ನಿಸುತ್ತದೆ, ಮೊದಲ ಎರಡು ಸಲ ಸುಮ್ಮನಿದ್ದುದಕ್ಕೆ ಎದುರಿನವರಿಗೂ ಅಸಮಾಧಾನ.

ಈ ವಿಧಾನಕ್ಕೆ ಮಿತಿ ಇದೆ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಹಿಂಸೆಗೆ ಕರೆ ಕೊಡುವವರ ಜೊತೆ, ಇಂಥವರು ಇಲ್ಲಿ ಇರಲೇಬಾರದು ಎನ್ನುವವರ ಜೊತೆ, ಆ ಬೆದರಿಕೆಗೆ ಗುರಿಯಾದವರನ್ನು ಕೂರಿಸಿ ‘ಗೌರವದಿಂದ ಮಾತಾಡಿ’ ಎನ್ನುವುದು ಅನ್ಯಾಯ. ತಾನೂ ಮನುಷ್ಯ ಎಂದು ಯಾರೂ ಯಾರ ಮುಂದೆಯೂ ಸಾಬೀತು ಮಾಡಬೇಕಾದ ಸ್ಥಿತಿ ಬರಬಾರದು. ಕೆಲಸ ಕೊಡುವವರು ಮತ್ತು ಅವರ ಕೈಕೆಳಗಿನವರು ಒಂದೇ ವೃತ್ತದಲ್ಲಿದ್ದರೆ ಎರಡನೆಯವರು ಮನಸ್ಸು ಬಿಚ್ಚುವುದಿಲ್ಲ, ಬಿಚ್ಚಿದರೆ ಬೆಲೆ ತೆರಬೇಕಾದೀತು. ಒಡನಾಟದಿಂದ ಪೂರ್ವಗ್ರಹ ಕರಗಬೇಕಾದರೆ ಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ನಾಲ್ಕು ಷರತ್ತುಗಳಲ್ಲಿ ಸಮಾನ ಸ್ಥಾನ ಒಂದು. ಉಳಿದವು ಒಂದೇ ಗುರಿ, ಪರಸ್ಪರ ಸಹಕಾರ, ಅಧಿಕಾರದಲ್ಲಿರುವವರ ಮತ್ತು ವ್ಯವಸ್ಥೆಯ ಬೆಂಬಲ. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗುಂಪುಗಳ ನಡುವಿನ ಒಡನಾಟ ಪೂರ್ವಗ್ರಹವನ್ನು ಸಾಮಾನ್ಯವಾಗಿ ಕಡಿಮೆ ಮಾಡುತ್ತದೆ ಎಂದು ಕಂಡಿತು. ಈ ಷರತ್ತುಗಳು ಇದ್ದಲ್ಲಿ ಪರಿಣಾಮ ಹೆಚ್ಚಾಗಿತ್ತು.

ಹಾಗಾಗಿ ಒಂದು ಸಭೆಗೆ ನಿಲ್ಲಿಸಬೇಡಿ. ಮುಕ್ತಾಯದ 15 ನಿಮಿಷದಲ್ಲಿ ‘ನಾವೆಲ್ಲ ಒಂದೇ’ ಎಂಬ ಘೋಷಣೆ ಮಾಡಿಸಬೇಡಿ, ಅದನ್ನು ಯಾರೂ ನಂಬುವುದಿಲ್ಲ. ಪ್ರತಿಯೊಬ್ಬರೂ ಎದುರಿನವರಿಂದ ತಿಳಿದ ಒಂದು ಹೊಸ ಸಂಗತಿ, ಇನ್ನೂ ಒಪ್ಪಲಾಗದ ಒಂದು ಸಂಗತಿ ಹೇಳಲಿ. ಮೂರು ವಾರದೊಳಗೆ ಎರಡನೆಯ ಸಭೆ ಇರಲಿ. ತಡವಾದರೆ ಬಿಸಿ ಆರುತ್ತದೆ. ಮೂರನೆಯ ಸಭೆಯ ಹೊತ್ತಿಗೆ ಪಕ್ಷಕ್ಕೆ ಸಂಬಂಧವಿಲ್ಲದ ಒಂದು ಸಣ್ಣ ಕೆಲಸವನ್ನು, ಉದಾಹರಣೆಗೆ ಶಾಲೆಯ ಗ್ರಂಥಾಲಯ ಸರಿಪಡಿಸುವುದು, ರಕ್ತದಾನದ ಪಟ್ಟಿ ಮಾಡುವುದು, ಎರಡೂ ಕಡೆಯವರು ಜೋಡಿಯಾಗಿ ಹಂಚಿಕೊಳ್ಳಲಿ.

ವಾಟ್ಸ್‌ಆಪ್ ಗುಂಪಿನಲ್ಲಿ ಶುರುವಾದ ವಾಗ್ವಾದವನ್ನು ಅಲ್ಲೇ ಬಗೆಹರಿಸುವ ಪ್ರಯತ್ನ ಬೇಡ. ನೂರು ಜನ ನೋಡುತ್ತಿರುವಾಗ ಯಾರೂ ‘ಅದು ಸರಿ, ನಾನು ಯೋಚಿಸಿರಲಿಲ್ಲ’ ಎನ್ನುವುದಿಲ್ಲ. ಫೋನ್ ಮಾಡಿ, ಸಾಧ್ಯವಾದರೆ ಭೇಟಿಯಾಗಿ. ವಿರುದ್ಧ ವಿಚಾರ ಕಣ್ಣಿಗೆ ಬಿದ್ದರೆ ಸಾಕು, ಮನಸ್ಸು ಹಿಗ್ಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಸಮಾಜಶಾಸ್ತ್ರಜ್ಞ ಕ್ರಿಸ್ ಬೇಲ್ ಮತ್ತು ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಟ್ವಿಟರ್ ಬಳಕೆದಾರರು ಒಂದು ತಿಂಗಳು ಎದುರು ಪಕ್ಷದ ಸಂದೇಶಗಳನ್ನು ಓದಿದರು. ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು, ಡೆಮಾಕ್ರಾಟರಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಯಾರೂ ಸಡಿಲಾಗಲಿಲ್ಲ. ಅಲ್ಲಿ ಮುಖ ಇರಲಿಲ್ಲ, ಸರದಿ ಇರಲಿಲ್ಲ, ತಿರುಗಿ ಕೇಳುವ ಅವಕಾಶ ಇರಲಿಲ್ಲ.

ಪತ್ರಿಕೆಗೆ ನಮ್ಮದೊಂದು ಕೋರಿಕೆ ಇದೆ. ಜರ್ಮನಿಯ ಸುದ್ದಿತಾಣ ತ್ಸೈಟ್ ಆನ್‌ಲೈನ್ 2017ರಲ್ಲಿ ಓದುಗರ ಮುಂದೆ ಐದು ಹೌದು-ಇಲ್ಲ ಪ್ರಶ್ನೆಗಳನ್ನಿಟ್ಟು, ಉತ್ತರಗಳು ಬೇರೆಯಾದ, ಹತ್ತಿರ ಹತ್ತಿರ ವಾಸಿಸುವ ಇಬ್ಬಿಬ್ಬರನ್ನು ಜೋಡಿ ಮಾಡಿ ಭೇಟಿಗೆ ಕಳಿಸಿತು. ಮರುವರ್ಷ ಇತರ ಮಾಧ್ಯಮ ಸಂಸ್ಥೆಗಳೂ ಅದಕ್ಕೆ ಕೈಜೋಡಿಸಿದವು. ನಿಮ್ಮ ಪತ್ರಿಕೆಯೂ ಇದನ್ನು ಮಾಡಬಹುದು. ಪ್ರಶ್ನೆಗಳು ಪಕ್ಷದ ಹೆಸರಿಲ್ಲದೆ ನೀತಿಯ ಮೇಲಿರಲಿ, ಸಂಖ್ಯೆ ಐದಕ್ಕಿಂತ ಹೆಚ್ಚು ಬೇಡ. ಜೋಡಿಯಾದವರ ಫೋನ್ ಸಂಖ್ಯೆಯನ್ನು ಇಬ್ಬರೂ ಒಪ್ಪಿದ ಮೇಲಷ್ಟೇ ಹಂಚಿ. ಮೊದಲ ಭೇಟಿ ಸಾರ್ವಜನಿಕ ಸ್ಥಳದಲ್ಲಿ, ಹಗಲು ಹೊತ್ತಿನಲ್ಲಿ ಆಗಲಿ, ಬೇಕೆನಿಸಿದವರು ಜೊತೆಗೊಬ್ಬರನ್ನು ಕರೆತರಲಿ. ಪ್ರತಿ ಜೋಡಿಗೂ ಒಂದು ಪುಟದ ಮಾರ್ಗಸೂಚಿ ಕಳಿಸಿ: ಬದುಕಿನ ಪ್ರಶ್ನೆಯಿಂದ ಶುರು, ಎರಡೆರಡು ನಿಮಿಷದ ಸರದಿ, ತಿರುಗಿ ಹೇಳುವ ನಿಯಮ, ಅಂಕಿಗೆ ಬೇರೆ ಹಾಳೆ. ಭೇಟಿಯ ವರದಿಯನ್ನು ‘ಯಾರು ಗೆದ್ದರು’ ಎಂಬ ಧಾಟಿಯಲ್ಲಿ ಬರೆಸಬೇಡಿ. ಇಬ್ಬರೂ ಸೇರಿ ಬರೆದು, ಇಬ್ಬರೂ ಓದಿ ಒಪ್ಪಿದ ಇನ್ನೂರು ಪದಗಳನ್ನು ಮಾತ್ರ ಅಚ್ಚು ಹಾಕಿ. ಒಪ್ಪಿಗೆಯಾಗದ ಜೋಡಿಯದ್ದನ್ನು ಬಿಟ್ಟುಬಿಡಿ, ಅವರ ಭೇಟಿ ಅವರ ನಡುವೆಯೇ ಇರಲಿ.

ಇತಿ,
ನಿಮ್ಮ ಓದುಗರು, ಸಂವಾದ ಸಭೆಗಳನ್ನು ನಡೆಸುವವರು